ಡೀಸೆಲ್ ಹೈಬ್ರಿಡ್: ಒಂದೇ ಕಾಯಿಲೆಗೆ ಎರಡು ಔಷಧಿ

ಡೀಸೆಲ್ ಕಾರು ಕಡಿಮೆ ಇಂಧನದಲ್ಲಿ ಹೆಚ್ಚು ದೂರ ಓಡುತ್ತದೆ. ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರನ್ನೂ ಬ್ಯಾಟರಿಯನ್ನೂ ಹೊತ್ತ ಹೈಬ್ರಿಡ್ ಕಾರೂ ಹಾಗೆಯೇ ಓಡುತ್ತದೆ. ಹಾಗಿದ್ದ ಮೇಲೆ ಇವೆರಡನ್ನೂ ಒಂದೇ ಕಾರಿನಲ್ಲಿ ಕೂಡಿಸಿದರೆ ಉಳಿತಾಯವೂ ದುಪ್ಪಟ್ಟಾಗಬೇಕಲ್ಲವೇ? ಕಾರುಗಳ ವಿಷಯದಲ್ಲಿ ನನ್ನೊಡನೆ ಮಾತಿಗಿಳಿಯುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಕೇಳುವವರನ್ನು ನಾನು ಎಂದೂ ಹಗುರವಾಗಿ ಕಂಡಿಲ್ಲ, ಏಕೆಂದರೆ ಬಹಳ ಕಾಲ ನಾನೂ ಹೀಗೆಯೇ ಎಣಿಸಿದ್ದೆ. ಪೆಟ್ರೋಲ್ ಹೈಬ್ರಿಡ್ ಕಾರುಗಳು ಲಕ್ಷಗಟ್ಟಲೆ ಮಾರಾಟವಾಗುತ್ತಿದ್ದಾಗಲೂ ಡೀಸೆಲ್ ಹೈಬ್ರಿಡ್ಡುಗಳು ಬೆರಳೆಣಿಕೆಯಷ್ಟೇ ಬಂದು, ಕೆಲವೇ ವರ್ಷಗಳಲ್ಲಿ ಸದ್ದಿಲ್ಲದೆ ಮರೆಯಾದದ್ದನ್ನು ಕಂಡಾಗ, ಇದರ ಹಿಂದೆ ತಯಾರಕರ ಅಸಡ್ಡೆಯೋ ಮಾರಾಟದ ರಾಜಕಾರಣವೋ ಇರಬೇಕೆಂದು ಅನುಮಾನಿಸಿದ್ದೂ ಉಂಟು. ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದ ಮೇಲೆ ಆ ಅನುಮಾನ ಬಹುಮಟ್ಟಿಗೆ ಕರಗಿತು. ಅದೇ ಲೆಕ್ಕವನ್ನು ಇಲ್ಲಿ ತುಸು ವಿಸ್ತಾರವಾಗಿ ಬರೆದಿಡುತ್ತಿದ್ದೇನೆ.

ಮೊದಲು ಡೀಸೆಲ್ ಎಂಜಿನ್ನಿನ ಮಿತವ್ಯಯದ ಗುಟ್ಟೇನೆಂದು ನೋಡಬೇಕು. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಪರೀಕ್ಷೆಗೊಡ್ಡಿದ ಎಂಜಿನ್, ಇಂಧನದಲ್ಲಿದ್ದ ಶಕ್ತಿಯ ಶೇ. 26ರಷ್ಟನ್ನು ಕೆಲಸವಾಗಿ ಮಾರ್ಪಡಿಸಿ ತೋರಿಸಿತು. ಆ ಕಾಲದ ಉಗಿಯಂತ್ರಗಳಿಗೆ ಅದರ ಅರ್ಧದಷ್ಟನ್ನು ಮುಟ್ಟುವುದೂ ಕಷ್ಟವಾಗಿತ್ತು. ಗಾಳಿಯನ್ನು ಬಹಳ ಬಿಗಿಯಾಗಿ ಒತ್ತಿ, ಆ ಒತ್ತಡದಿಂದಲೇ ಅದು ಕಾದು ಇಂಧನವನ್ನು ಹೊತ್ತಿಸುವಂತೆ ಮಾಡುವುದು ಅವನ ಯೋಚನೆಯ ಜೀವಾಳ. ಒತ್ತುವಿಕೆ ಹೆಚ್ಚಿದಷ್ಟೂ, ಉರಿದ ಅನಿಲ ಹಿಗ್ಗುವಾಗ ಅದರಿಂದ ಹಿಂಡಿ ತೆಗೆಯಬಹುದಾದ ಕೆಲಸವೂ ಹೆಚ್ಚುತ್ತದೆ ಎಂಬುದನ್ನು ಪಠ್ಯಪುಸ್ತಕಗಳೆಲ್ಲ ಹೇಳುತ್ತವೆ. ಆದರೆ ದಿನನಿತ್ಯದ ಓಡಾಟದಲ್ಲಿ ಇಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ, ಅದರ ಕಡೆಗೆ ಗಮನ ಹೋಗುವುದು ಕಡಿಮೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನಗಳ ನಡುವೆ ಹೆಚ್ಚುಕಡಿಮೆ ಬದಲಾಗದ ಅನುಪಾತವೊಂದನ್ನು ಕಾಯ್ದುಕೊಳ್ಳಬೇಕಾಗುತ್ತದೆ. ಆದ್ದರಿಂದ ಕಡಿಮೆ ಶಕ್ತಿ ಸಾಕಾದಾಗ ಇಂಧನದೊಂದಿಗೆ ಗಾಳಿಯನ್ನೂ ಕಡಿಮೆ ಮಾಡಬೇಕು. ಆ ಕೆಲಸಕ್ಕಿರುವ ಥ್ರಾಟಲ್ ಎಂಬ ಬಾಗಿಲು ಅರೆಬರೆ ಮುಚ್ಚಿದಾಗ ಪಿಸ್ಟನ್ನುಗಳು ಸಣ್ಣ ಕಿಂಡಿಯ ಮೂಲಕ ಗಾಳಿಯನ್ನು ಎಳೆದುಕೊಳ್ಳಲು ಏದುಸಿರು ಬಿಡುತ್ತವೆ, ಆ ಏದುಸಿರಿಗೂ ಪೆಟ್ರೋಲ್ ಖರ್ಚಾಗುತ್ತದೆ. ಡೀಸೆಲ್ ಎಂಜಿನ್ನಿಗೆ ಈ ಕಟ್ಟುಪಾಡಿಲ್ಲ. ಅದು ಪ್ರತಿ ಸಲವೂ ಹೊಟ್ಟೆ ತುಂಬ ಗಾಳಿ ಎಳೆದುಕೊಂಡು, ಬೇಕಾದಷ್ಟೇ ಇಂಧನವನ್ನು ಚಿಮ್ಮಿಸಿಕೊಳ್ಳುತ್ತದೆ. ಹೀಗಾಗಿ ಹೊರೆ ಹಗುರವಾಗಿದ್ದಾಗ, ಅಂದರೆ ಊರೊಳಗಿನ ನಿಧಾನದ ಓಟದಲ್ಲಿ, ಪೆಟ್ರೋಲ್ ಎಂಜಿನ್ನಿನ ದಕ್ಷತೆ ಕುಸಿಯುವಷ್ಟು ಡೀಸೆಲ್ ಎಂಜಿನ್ನಿನದು ಕುಸಿಯುವುದಿಲ್ಲ.

ಇನ್ನು ಹೈಬ್ರಿಡ್ ಮಾಡುವುದೇನು? ಎಂಜಿನ್ನನ್ನು ಅದರ ಕೆಟ್ಟ ಗಳಿಗೆಗಳಿಂದ ಕಾಪಾಡುವುದು. ನಿಧಾನವಾಗಿ ತೆವಳುವಾಗ ಎಂಜಿನ್ನನ್ನು ಆರಿಸಿ ಮೋಟಾರಿನಿಂದ ಗಾಡಿ ನಡೆಸುವುದು, ಎಂಜಿನ್ ಓಡಲೇಬೇಕಾದಾಗ ಬ್ಯಾಟರಿ ತುಂಬುವ ಕೆಲಸವನ್ನೂ ಹೊರಿಸಿ ಅದು ಒಳ್ಳೆಯ ದಕ್ಷತೆಯಲ್ಲಿ ಓಡುವಂತೆ ನೋಡಿಕೊಳ್ಳುವುದು, ಬ್ರೇಕ್ ಒತ್ತಿದಾಗ ಬಿಸಿಯಾಗಿ ವ್ಯರ್ಥವಾಗುವ ಶಕ್ತಿಯಲ್ಲಿ ಒಂದು ಭಾಗವನ್ನು ವಿದ್ಯುತ್ತಾಗಿ ಹಿಂದಕ್ಕೆ ಪಡೆಯುವುದು. ಈ ಮೂರರಲ್ಲಿ ಮೊದಲ ಎರಡು, ಥ್ರಾಟಲ್ಲಿನಿಂದ ಬಳಲುವ ಪೆಟ್ರೋಲ್ ಎಂಜಿನ್ನಿಗೆ ಹೇಳಿ ಮಾಡಿಸಿದ ಮದ್ದು. ಡೀಸೆಲ್ ಎಂಜಿನ್ನಿಗೆ ಆ ಕಾಯಿಲೆಯೇ ಅಷ್ಟಾಗಿ ಇಲ್ಲದಿರುವಾಗ ಮದ್ದು ಎಷ್ಟು ಒಳ್ಳೆಯದಾದರೇನು? ನಿಜವಾಗಿ ಡೀಸೆಲ್ಲಿಗೆ ದಕ್ಕುವ ಹೊಸ ಲಾಭವೆಂದರೆ ಮೂರನೆಯದು, ಬ್ರೇಕಿನ ಶಕ್ತಿ. ಅದು ಎಷ್ಟೆಂದು ಸುಲಭವಾಗಿ ಲೆಕ್ಕ ಹಾಕಬಹುದು.

1,500 ಕಿಲೋ ತೂಕದ ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವಾಗ ಅದರ ಚಲನಶಕ್ತಿ ಸುಮಾರು 145 ಕಿಲೋಜೂಲ್. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 36,000 ಕಿಲೋಜೂಲ್ ಶಕ್ತಿ ಅಡಗಿರುತ್ತದೆ. ಎಂಜಿನ್ನಿನ ದಕ್ಷತೆಯನ್ನು ಶೇ. 35 ಎಂದು ಹಿಡಿದರೆ ಅದರಲ್ಲಿ ಚಕ್ರದ ಕಡೆಗೆ ಬರುವುದು 12,600 ಕಿಲೋಜೂಲ್. ಅಂದರೆ ನಿಂತ ಕಾರನ್ನು ಆ ವೇಗಕ್ಕೆ ಒಯ್ಯಲು ಬೇಕಾಗುವುದು ಹನ್ನೊಂದೂವರೆ ಮಿಲಿಲೀಟರ್ ಡೀಸೆಲ್, ಒಂದು ದೊಡ್ಡ ಚಮಚದಷ್ಟೂ ಅಲ್ಲ. ಕಾರು ನಿಲ್ಲುವಾಗ ಇದರಲ್ಲಿ ಒಂದು ಪಾಲು ಗಾಳಿಯ ತಡೆಗೂ ಟೈರಿನ ತಿಕ್ಕಾಟಕ್ಕೂ ಹೋಗುತ್ತದೆ, ಇನ್ನೊಂದು ಪಾಲು ಮೋಟಾರು ಮತ್ತು ಬ್ಯಾಟರಿಗಳ ಒಳಗೆ ಹೋಗಿ ಬರುವಷ್ಟರಲ್ಲಿ ಸೋರಿಹೋಗುತ್ತದೆ. ಅರ್ಧದಷ್ಟು ವಾಪಸಾಯಿತೆಂದು ಉದಾರವಾಗಿ ಎಣಿಸಿದರೂ ಪ್ರತಿ ನಿಲುಗಡೆಗೆ ಉಳಿಯುವುದು ಆರು ಮಿಲಿಲೀಟರಿನೊಳಗೆ. ಕಿಲೋಮೀಟರಿಗೊಮ್ಮೆ ನಿಲ್ಲುವ ಊರೊಳಗಿನ ಓಟದಲ್ಲಿ ಇದು ನೂರು ಕಿಲೋಮೀಟರಿಗೆ ಅರ್ಧ ಲೀಟರಿಗಿಂತ ತುಸು ಹೆಚ್ಚಾಗುತ್ತದೆ, ಎರಡು ಸಲ ನಿಂತರೆ ಒಂದು ಲೀಟರನ್ನು ದಾಟುತ್ತದೆ. ಇದು ತಳ್ಳಿಹಾಕುವಂಥ ಮೊತ್ತವಲ್ಲ. ಆದರೆ ಹೆದ್ದಾರಿಯಲ್ಲಿ ನೂರು ಕಿಲೋಮೀಟರಿನ ಉದ್ದಕ್ಕೂ ಒಮ್ಮೆಯೂ ಬ್ರೇಕ್ ಒತ್ತದೆ ಹೋದರೆ ಉಳಿಯುವುದು ಸೊನ್ನೆ, ಜೊತೆಗೆ ಬ್ಯಾಟರಿ ಮತ್ತು ಮೋಟಾರುಗಳ ತೂಕವನ್ನು ಹೊತ್ತ ಖರ್ಚು ಬೇರೆ. ಡೀಸೆಲ್ ಕಾರನ್ನು ಜನ ಕೊಳ್ಳುತ್ತಿದ್ದದ್ದು ಮುಖ್ಯವಾಗಿ ಯಾವ ರಸ್ತೆಗಾಗಿ ಎಂಬುದನ್ನು ನೆನೆದರೆ ಇದರ ವಿಪರ್ಯಾಸ ತಿಳಿಯುತ್ತದೆ.

ಇದೇ ಲೆಕ್ಕವನ್ನು ಪೆಟ್ರೋಲಿಗೆ ಹಾಕಿದರೆ ಚಿತ್ರ ಬದಲಾಗುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32,000 ಕಿಲೋಜೂಲ್ ಶಕ್ತಿಯಿದ್ದು, ಊರೊಳಗೆ ಸಾಮಾನ್ಯ ಎಂಜಿನ್ನಿನ ದಕ್ಷತೆ ಶೇ. 25 ಎಂದುಕೊಂಡರೆ ಅದೇ 145 ಕಿಲೋಜೂಲಿಗೆ 18 ಮಿಲಿಲೀಟರ್ ಬೇಕಾಗುತ್ತದೆ. ಅರ್ಧ ಉಳಿದರೆ ಒಂಬತ್ತು ಮಿಲಿಲೀಟರ್. ಅದೇ ಬ್ಯಾಟರಿ, ಅದೇ ಮೋಟಾರು, ಅದೇ ಬ್ರೇಕ್. ಆದರೂ ಪೆಟ್ರೋಲ್ ಕಾರಿನಲ್ಲಿ ಅವು ಹೆಚ್ಚು ಗಳಿಸಿಕೊಡುತ್ತವೆ. ಮೊದಲೇ ಕೈಬಿಗಿ ಹಿಡಿದು ಬದುಕುವವನ ಮನೆಯಲ್ಲಿ ಹೊಸದಾಗಿ ಉಳಿತಾಯ ಮಾಡಹೊರಟರೆ ಸಿಗುವುದು ಚಿಲ್ಲರೆಯೇ.

ಹೀಗೆಂದ ಮಾತ್ರಕ್ಕೆ ಈ ಪ್ರಯತ್ನಗಳು ಸುಮ್ಮನೆ ಹುಟ್ಟಿದವಲ್ಲ, ದಡ್ಡರಿಂದ ಹುಟ್ಟಿದವಂತೂ ಅಲ್ಲವೇ ಅಲ್ಲ. ಟೊಯೋಟ ತನ್ನ ಪ್ರಿಯಸ್ ಎಂಬ ಪೆಟ್ರೋಲ್ ಹೈಬ್ರಿಡ್ಡನ್ನು ಜಪಾನಿನಲ್ಲಿ ಬಿಡುಗಡೆ ಮಾಡಿದ 1997ರಲ್ಲೇ ಆಡಿ ತನ್ನ ಎ4 ಅವಾಂಟ್ ಕಾರಿಗೆ 90 ಅಶ್ವಶಕ್ತಿಯ 1.9 ಲೀಟರಿನ ಡೀಸೆಲ್ ಎಂಜಿನ್ನನ್ನೂ 21 ಕಿಲೋವ್ಯಾಟಿನ ಮೋಟಾರನ್ನೂ ಸೀಸದ ಬ್ಯಾಟರಿಗಳನ್ನೂ ಜೋಡಿಸಿ ಡ್ಯುಓ ಎಂಬ ಹೆಸರಿನಲ್ಲಿ ಮಾರಲು ಹೊರಟಿತ್ತು. ಅದು ನೂರು ಕೂಡ ಮಾರಾಟವಾಗಲಿಲ್ಲ. ಅಮೆರಿಕದಲ್ಲಿ 1993ರಲ್ಲಿ ಕ್ಲಿಂಟನ್ ಸರ್ಕಾರವು ಅಲ್ಲಿನ ಮೂರು ದೊಡ್ಡ ತಯಾರಕರ ಜೊತೆ ಸೇರಿ, ಸಾಮಾನ್ಯ ಕುಟುಂಬದ ಕಾರೊಂದು ಒಂದು ಗ್ಯಾಲನ್ನಿಗೆ 80 ಮೈಲಿ, ಅಂದರೆ ನೂರು ಕಿಲೋಮೀಟರಿಗೆ ಸುಮಾರು ಮೂರು ಲೀಟರಿನಲ್ಲಿ ಓಡಬೇಕೆಂಬ ಗುರಿಯಿಟ್ಟು ಯೋಜನೆಯೊಂದನ್ನು ಆರಂಭಿಸಿತ್ತು. 2000ದಲ್ಲಿ ಜನರಲ್ ಮೋಟಾರ್ಸ್ ಪ್ರಿಸೆಪ್ಟ್ ಅನ್ನೂ, ಫೋರ್ಡ್ ಪ್ರಾಡಿಜಿಯನ್ನೂ, ಡಾಡ್ಜ್ ಇಎಸ್‌ಎಕ್ಸ್3 ಅನ್ನೂ ಮುಂದಿಟ್ಟಾಗ ಮೂರೂ ಡೀಸೆಲ್ ಹೈಬ್ರಿಡ್ಡುಗಳೇ ಆಗಿದ್ದವು. ಬೆಲೆಯ ಚಿಂತೆಯನ್ನು ಬದಿಗಿಟ್ಟು, ಒಂದು ಹನಿಯನ್ನೂ ವ್ಯರ್ಥ ಮಾಡದ ಕಾರನ್ನು ಕಟ್ಟಿ ಎಂದು ಎಂಜಿನಿಯರುಗಳಿಗೆ ಹೇಳಿದರೆ ಅವರು ಸಹಜವಾಗಿ ಎಲ್ಲಿಗೆ ತಲುಪುತ್ತಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಮೂರರಲ್ಲಿ ಒಂದೂ ಕಾರ್ಖಾನೆಯಿಂದ ಗಿರಾಕಿಯ ಮನೆಗೆ ಹೋಗಲಿಲ್ಲ ಎಂಬುದೂ ಅಷ್ಟೇ ದೊಡ್ಡ ಸಾಕ್ಷಿ.

ಫೋಕ್ಸ್‌ವ್ಯಾಗನ್ ಕಂಪನಿಯ ಎಕ್ಸ್‌ಎಲ್1 ಈ ಸಾಲಿನಲ್ಲಿ ನನಗೆ ಅತಿ ಪ್ರಿಯವಾದ ಕಾರು. ಎರಡೇ ಸಿಲಿಂಡರಿನ 0.8 ಲೀಟರ್ ಡೀಸೆಲ್ ಎಂಜಿನ್, 20 ಕಿಲೋವ್ಯಾಟಿನ ಮೋಟಾರು, 5.5 ಕಿಲೋವ್ಯಾಟ್-ಗಂಟೆಯ ಬ್ಯಾಟರಿ, ಒಟ್ಟು ತೂಕ 795 ಕಿಲೋ; ನೂರು ಕಿಲೋಮೀಟರಿಗೆ 0.9 ಲೀಟರ್ ಎಂದು ಅಧಿಕೃತ ಅಂಕಿ. 2013ರಲ್ಲಿ ಬಂದ ಇದನ್ನು ಕಟ್ಟಿದ್ದು 250ರಷ್ಟು ಮಾತ್ರ. ಆದರೆ ಆ ಅಂಕಿಯ ಯಶಸ್ಸನ್ನು ಡೀಸೆಲ್ ಹೈಬ್ರಿಡ್ಡಿನ ಖಾತೆಗೆ ಜಮಾ ಮಾಡುವುದು ನ್ಯಾಯವಲ್ಲ. ಆ ಕಾರು ಇಂಗಾಲದ ನಾರಿನ ಹಗುರ ಮೈಯನ್ನೂ, ಗಾಳಿಯನ್ನು ಸೀಳಿಕೊಂಡು ಹೋಗುವ ಮೀನಿನಂಥ ಆಕಾರವನ್ನೂ, ಹಿಂದಿನ ಚಕ್ರಗಳನ್ನು ಮುಚ್ಚಿದ ಹೊದಿಕೆಯನ್ನೂ ಹೊಂದಿತ್ತು. ಆ ದೇಹಕ್ಕೆ ಯಾವ ಎಂಜಿನ್ ಹಾಕಿದರೂ ಅದು ಮಿತವಾಗಿಯೇ ಕುಡಿಯುತ್ತಿತ್ತು. ಮೇಲಾಗಿ ಚಾರ್ಜು ಮಾಡಿದ ವಿದ್ಯುತ್ತು ಆ ಲೀಟರಿನ ಲೆಕ್ಕದಲ್ಲಿ ಸೇರುವುದೇ ಇಲ್ಲ.

ಸಾಮಾನ್ಯರು ಕೊಳ್ಳಬಹುದಾಗಿದ್ದ ಮೊದಲ ದೊಡ್ಡ ಪ್ರಯತ್ನ ಫ್ರಾನ್ಸಿನದು. ಪ್ಯೂಜೋ 2012ರ ಹೊತ್ತಿಗೆ 3008 ಹೈಬ್ರಿಡ್4 ಎಂಬ ಕಾರನ್ನು ತಂದಿತು. ಮುಂದಿನ ಚಕ್ರಗಳಿಗೆ 163 ಅಶ್ವಶಕ್ತಿಯ 2 ಲೀಟರ್ ಡೀಸೆಲ್ ಎಂಜಿನ್, ಹಿಂದಿನ ಚಕ್ರಗಳಿಗೆ 37 ಅಶ್ವಶಕ್ತಿಯ ಮೋಟಾರು. ಇವೆರಡರ ನಡುವೆ ಶಾಫ್ಟಿನ ಸಂಬಂಧವೇ ಇಲ್ಲ. ಕೆಸರಿನಲ್ಲೋ ಹಿಮದಲ್ಲೋ ಸಿಕ್ಕಿಕೊಂಡಾಗ ನಾಲ್ಕೂ ಚಕ್ರಗಳು ದುಡಿಯುತ್ತಿದ್ದವು, ಊರೊಳಗೆ ಕೆಲವು ಕಿಲೋಮೀಟರ್ ಸದ್ದಿಲ್ಲದೆ ಹೋಗಬಹುದಿತ್ತು, ಹೊಗೆಯ ಅಂಕಿ ಕಿಲೋಮೀಟರಿಗೆ ನೂರು ಗ್ರಾಮ್ ಇಂಗಾಲದ ಡೈಆಕ್ಸೈಡಿನ ಕೆಳಗೆ ಬಂದಿತ್ತು. ಯೋಚನೆ ಬಹಳ ಚೊಕ್ಕವಾಗಿತ್ತು ಎಂದು ನಾನು ಈಗಲೂ ಹೇಳುತ್ತೇನೆ. ಅದರ ಬೆನ್ನಿಗೇ ವೋಲ್ವೋ, ಹೊರಗಿನಿಂದ ಚಾರ್ಜು ಮಾಡಬಹುದಾದ ಮೊದಲ ಡೀಸೆಲ್ ಹೈಬ್ರಿಡ್ ಆಗಿ ವಿ60 ಕಾರನ್ನು ಹೊರತಂದಿತು. ಐದು ಸಿಲಿಂಡರಿನ 2.4 ಲೀಟರ್ ಎಂಜಿನ್ನಿನ ಜೊತೆಗೆ 11.2 ಕಿಲೋವ್ಯಾಟ್-ಗಂಟೆಯ ಬ್ಯಾಟರಿ ಅದರಲ್ಲಿತ್ತು. ಇವುಗಳ ಮುಂದಿನ ಕಥೆ ಚಿಕ್ಕದು. 2019ರಲ್ಲಿ ಪ್ಯೂಜೋ ಹೈಬ್ರಿಡ್4 ಎಂಬ ಅದೇ ಹೆಸರನ್ನು ಮತ್ತೆ 3008ಕ್ಕೆ ಅಂಟಿಸಿದಾಗ ಒಳಗಿದ್ದದ್ದು ಪೆಟ್ರೋಲ್ ಎಂಜಿನ್. ವೋಲ್ವೋದ ಮುಂದಿನ ವಿ60 ಕೂಡ ಪೆಟ್ರೋಲಿಗೇ ಹೊರಳಿತು, 2024ರ ಆರಂಭದಲ್ಲಿ ಆ ಕಂಪನಿ ಡೀಸೆಲ್ ಕಾರು ಕಟ್ಟುವುದನ್ನೇ ನಿಲ್ಲಿಸಿತು.

ಇಂಧನದ ಲೆಕ್ಕ ಇಷ್ಟಾಯಿತು. ಆದರೆ ಡೀಸೆಲ್ ಹೈಬ್ರಿಡ್ಡಿನ ಅಸಲಿ ಕಗ್ಗಂಟು ಇರುವುದು ಹೊಗೆಯಲ್ಲಿ, ಅದೂ ಹೊಗೆಯ ಬಿಸಿಯಲ್ಲಿ. ಈ ಭಾಗವನ್ನು ಕಾರು ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ಹಾಗಾಗಿ ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡೋಣ.

ಪೆಟ್ರೋಲ್ ಕಾರಿನ ಹೊಗೆಯಲ್ಲಿ ಆಮ್ಲಜನಕ ಉಳಿದಿರುವುದಿಲ್ಲವಾದ್ದರಿಂದ ಒಂದೇ ವೇಗವರ್ಧಕ ಡಬ್ಬಿ ಇಂಗಾಲದ ಮಾನಾಕ್ಸೈಡು, ಉರಿಯದೆ ಉಳಿದ ಇಂಧನ, ಸಾರಜನಕದ ಆಕ್ಸೈಡುಗಳು ಎಂಬ ಮೂರೂ ಕೊಳೆಗಳನ್ನು ಒಟ್ಟಿಗೆ ತೊಳೆಯುತ್ತದೆ. ಡೀಸೆಲ್ ಎಂಜಿನ್ನು ಹೊಟ್ಟೆ ತುಂಬ ಗಾಳಿ ಎಳೆದುಕೊಳ್ಳುತ್ತದೆ ಎಂದೆನಲ್ಲ, ಆ ಗುಣವೇ ಇಲ್ಲಿ ತಿರುಗುಬಾಣವಾಗುತ್ತದೆ: ಹೊಗೆಯಲ್ಲಿ ಆಮ್ಲಜನಕ ಧಾರಾಳವಾಗಿ ಉಳಿದಿರುವುದರಿಂದ ಆ ಸರಳ ಡಬ್ಬಿಗೆ ಸಾರಜನಕದ ಆಕ್ಸೈಡುಗಳನ್ನು ಒಡೆಯಲು ಆಗುವುದಿಲ್ಲ. ಆದ್ದರಿಂದ ಮಸಿಯನ್ನು ಹಿಡಿಯಲು ಡಿಪಿಎಫ್ ಎಂಬ ಸೋಸುಕ ಬೇಕು, ಆಕ್ಸೈಡುಗಳನ್ನು ಒಡೆಯಲು ಯೂರಿಯಾ ದ್ರಾವಣವನ್ನು ಚಿಮುಕಿಸುವ ಬೇರೆಯದೇ ಒಂದು ವ್ಯವಸ್ಥೆ ಬೇಕು. ಆಡ್‌ಬ್ಲೂ ಎಂಬ ಹೆಸರಿನಲ್ಲಿ ಸಿಗುವ ಈ ದ್ರಾವಣದಲ್ಲಿ ಯೂರಿಯಾ ಶೇ. 32.5ರಷ್ಟಿರುತ್ತದೆ. ಇವೆರಡೂ ಬಿಸಿಯನ್ನೇ ನಂಬಿ ಬದುಕುವ ಸಾಧನಗಳು. ಹೊಗೆಯ ಬಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಮುಟ್ಟದಿದ್ದರೆ ಯೂರಿಯಾ ಸರಿಯಾಗಿ ಒಡೆಯದೆ ಕೊಳವೆಯೊಳಗೇ ಗಟ್ಟಿಗಟ್ಟಿ ಕೂರುತ್ತದೆ. ಸೋಸುಕದಲ್ಲಿ ಶೇಖರವಾದ ಮಸಿಯನ್ನು ಸುಟ್ಟು ಬೂದಿ ಮಾಡಬೇಕಾದರೆ 600 ಡಿಗ್ರಿಯ ಆಸುಪಾಸಿಗೆ ಹೋಗಬೇಕು. ಡೀಸೆಲ್ ಎಂಜಿನ್ನು ದಕ್ಷವಾದದ್ದು, ಮೇಲಾಗಿ ಹೆಚ್ಚು ಗಾಳಿಯಿಂದ ತಂಪಾದದ್ದು. ಅದರ ಹೊಗೆ ಮೊದಲೇ ಪೆಟ್ರೋಲಿನ ಹೊಗೆಯಷ್ಟು ಬಿಸಿಯಿರುವುದಿಲ್ಲ. ಈಗ ಅದರ ಮೇಲೆ ಹೈಬ್ರಿಡ್ ತಂದು ಕೂರಿಸಿ, ಊರೊಳಗೆ ಎರಡು ನಿಮಿಷಕ್ಕೊಮ್ಮೆ ಎಂಜಿನ್ನನ್ನು ಆರಿಸಿದರೆ ಏನಾಗುತ್ತದೆಂದು ಊಹಿಸಿಕೊಳ್ಳಿ. ಕಾದ ಡಬ್ಬಿ ತಣ್ಣಗಾಗುತ್ತದೆ, ಎಂಜಿನ್ನು ಮತ್ತೆ ಹೊತ್ತಿಕೊಂಡಾಗ ಮೊದಲ ಹೊಗೆ ತಣ್ಣಗಿನ ಡಬ್ಬಿಯ ಮೂಲಕ ಹಾಗೆಯೇ ಹೊರಬೀಳುತ್ತದೆ, ಮಸಿ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಅರ್ಧಕ್ಕೆ ನಿಂತ ಕೆಲಸವನ್ನು ಮತ್ತೆ ಆರಂಭಿಸಲು ಹೆಚ್ಚುವರಿ ಡೀಸೆಲ್ ಚಿಮ್ಮಿಸಬೇಕಾಗುತ್ತದೆ. ಅದರಲ್ಲಿ ಒಂದಿಷ್ಟು ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲ್ಲಿಗೆ ಬೆರೆಯುತ್ತದೆ, ಆಯಿಲ್ ತೆಳುವಾಗುತ್ತದೆ.

ಇದನ್ನು ತಪ್ಪಿಸಬೇಕಾದರೆ ಕಾರಿನ ಕಂಪ್ಯೂಟರ್ ಎಂಜಿನ್ನನ್ನು ಆರಿಸಬಹುದಾದಾಗಲೂ ಆರಿಸದೆ, ಡಬ್ಬಿಯನ್ನು ಬಿಸಿಯಾಗಿಡುವುದಕ್ಕೆಂದೇ ಓಡಿಸಬೇಕಾಗುತ್ತದೆ. ಹಾಗೆ ಮಾಡಿದರೆ ಹೈಬ್ರಿಡ್ಡಿನಿಂದ ಬರಬೇಕಾಗಿದ್ದ ಉಳಿತಾಯ ಹೊಗೆಯ ಜೊತೆಗೇ ಹೋಗುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಗಾದೆಗೆ ಇದಕ್ಕಿಂತ ಒಪ್ಪುವ ಯಂತ್ರವನ್ನು ನಾನು ಕಂಡಿಲ್ಲ: ಮೋಟಾರಿಗೆ ಎಂಜಿನ್ ಆರಬೇಕು, ಸೋಸುಕಕ್ಕೆ ಎಂಜಿನ್ ಉರಿಯುತ್ತಿರಬೇಕು.

ಆದರೆ ಇದೇ ಮೋಟಾರು ಇನ್ನೊಂದು ಬಗೆಯಲ್ಲಿ ಹೊಗೆಯನ್ನು ಶುದ್ಧಗೊಳಿಸಲೂ ಬಲ್ಲದು ಎಂಬುದನ್ನು ಹೇಳದೆ ಹೋದರೆ ಅನ್ಯಾಯವಾಗುತ್ತದೆ. ಡೀಸೆಲ್ ಎಂಜಿನ್ನು ಹೆಚ್ಚು ಮಸಿಯನ್ನೂ ಆಕ್ಸೈಡುಗಳನ್ನೂ ಉಗುಳುವುದು ಚಾಲಕ ದಿಢೀರನೆ ಪೆಡಲ್ ತುಳಿದ ಕ್ಷಣಗಳಲ್ಲಿ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇನ್ನೂ ವೇಗ ಪಡೆಯದೆ ಗಾಳಿ ಸಾಲದಿರುವಾಗ ಇಂಧನ ಮಾತ್ರ ಒಮ್ಮೆಲೇ ನುಗ್ಗುತ್ತದೆ. ಆ ಎರಡು ಸೆಕೆಂಡುಗಳ ಭಾರವನ್ನು ಮೋಟಾರು ಹೊತ್ತುಕೊಂಡರೆ ಎಂಜಿನ್ನು ತನ್ನ ಪಾಡಿಗೆ ಮೆಲ್ಲಗೆ ಹೊರೆಯೇರಿಸಿಕೊಳ್ಳಬಹುದು. ಬ್ಯಾಟರಿಯ ವಿದ್ಯುತ್ತಿನಿಂದಲೇ ಡಬ್ಬಿಯನ್ನು ಕಾಯಿಸುವ ದಾರಿಯೂ ಇದೆ. 48 ವೋಲ್ಟಿನ ಸಣ್ಣ ಹೈಬ್ರಿಡ್ ವ್ಯವಸ್ಥೆಯಿರುವ ಇತ್ತೀಚಿನ ಡೀಸೆಲ್ ಕಾರುಗಳು ಇಂಥ ಉಪಕಾರಗಳಿಗೇ ಹೆಚ್ಚು ಒತ್ತು ಕೊಟ್ಟಿವೆ. ಅವು ಇಂಧನದಲ್ಲಿ ದೊಡ್ಡ ಪವಾಡ ತೋರಿಸುವುದಿಲ್ಲ, ಅಗ್ಗದಲ್ಲಿ ಎಂಜಿನ್ನಿನ ಒರಟುತನವನ್ನು ನೀವಿ ಸರಿಮಾಡುತ್ತವೆ. ಡೀಸೆಲ್ ಮತ್ತು ವಿದ್ಯುತ್ತಿನ ಮದುವೆಯಲ್ಲಿ ಅತಿ ಕಡಿಮೆ ಜಗಳವಿರುವುದು ಈ ಪುಟ್ಟ ಸಂಸಾರದಲ್ಲೇ ಎಂದು ನನ್ನ ಅಭಿಪ್ರಾಯ.

ಒರಟುತನದ ಮಾತು ಬಂದದ್ದರಿಂದ ಒಂದು ಅನುಭವ. ಪರಿಚಿತರೊಬ್ಬರ ಡೀಸೆಲ್ ಹೈಬ್ರಿಡ್ ಕಾರಿನಲ್ಲಿ ಒಂದು ಮಧ್ಯಾಹ್ನ ಅವರ ಪಕ್ಕದಲ್ಲಿ ಕುಳಿತು ಹೋಗಿದ್ದೆ. ಹೊರಟ ಮೊದಲ ಕೆಲವು ನೂರು ಮೀಟರ್ ಮೌನ, ಬರಿಯ ಟೈರಿನ ಸದ್ದು. ಆಮೇಲೆ ಎಂಜಿನ್ ಎದ್ದಿತು. ಎದ್ದಿತು ಎಂಬ ಮಾತನ್ನು ತಿಳಿದೇ ಬಳಸುತ್ತಿದ್ದೇನೆ, ಏಕೆಂದರೆ ಮಲಗಿದ್ದ ದೊಡ್ಡ ಪ್ರಾಣಿಯೊಂದು ಮೈಕೊಡವಿಕೊಂಡ ಹಾಗಿತ್ತು. ಗಾಳಿಯನ್ನು ಅಷ್ಟು ಬಿಗಿಯಾಗಿ ಒತ್ತುವ ಎಂಜಿನ್ನನ್ನು ತಿರುಗಿಸಿ ಚಾಲೂ ಮಾಡಲು ಹೆಚ್ಚು ಬಲ ಬೇಕು, ಚಾಲೂ ಆದಾಗಿನ ನಡುಕವೂ ಹೆಚ್ಚು. ದಿನಕ್ಕೆರಡು ಸಲ ಚಾಲೂ ಮಾಡುವ ಕಾರಿನಲ್ಲಿ ಇದು ಗಮನಕ್ಕೆ ಬರುವುದಿಲ್ಲ. ಗಂಟೆಗೆ ಇಪ್ಪತ್ತು ಸಲ ಆರಿ ಹೊತ್ತಿಕೊಳ್ಳುವ ಕಾರಿನಲ್ಲಿ ಮರೆಯಲಾಗುವುದಿಲ್ಲ. ಗೆಳೆಯರು ಅದಕ್ಕೆ ಒಗ್ಗಿಹೋಗಿದ್ದರು, ನಾನು ಪ್ರತಿ ಸಲವೂ ಡ್ಯಾಶ್‌ಬೋರ್ಡಿನ ಕಡೆ ನೋಡುತ್ತಿದ್ದೆ.

ಬೆಲೆಯ ವಿಷಯವನ್ನು ಬೇಗ ಮುಗಿಸಬಹುದು. ಡೀಸೆಲ್ ಎಂಜಿನ್ನಿಗೆ ಗಟ್ಟಿಯಾದ ಬ್ಲಾಕ್, 2,000 ಬಾರ್ ಒತ್ತಡವನ್ನೂ ಮೀರಿ ಇಂಧನ ಚಿಮ್ಮಿಸುವ ಪಂಪು ಮತ್ತು ಇಂಜೆಕ್ಟರುಗಳು, ಟರ್ಬೊ, ಮೇಲೆ ಹೇಳಿದ ಹೊಗೆಯ ಸರಂಜಾಮು ಇವೆಲ್ಲ ಬೇಕಾಗುವುದರಿಂದ ಅದು ಪೆಟ್ರೋಲ್ ಎಂಜಿನ್ನಿಗಿಂತ ದುಬಾರಿ. ಹೈಬ್ರಿಡ್ಡಿಗೆ ಮೋಟಾರು, ಬ್ಯಾಟರಿ, ಇನ್ವರ್ಟರು. ಎರಡೂ ದುಬಾರಿ ವಸ್ತುಗಳನ್ನು ಒಂದೇ ಕಾರಿನಲ್ಲಿ ತುಂಬಿದಾಗ ಬೆಲೆ ಪೂರ್ತಿ ಕೂಡುತ್ತದೆ, ಉಳಿತಾಯ ಮಾತ್ರ ಪೂರ್ತಿ ಕೂಡುವುದಿಲ್ಲ. ಎಳೆತದ ವಿಷಯದಲ್ಲೂ ಇದೇ ಪುನರಾವರ್ತನೆ. ಡೀಸೆಲ್ಲಿನ ಹೆಗ್ಗಳಿಕೆ ಕಡಿಮೆ ವೇಗದಲ್ಲೇ ಸಿಗುವ ಟಾರ್ಕ್, ಮೋಟಾರಿನ ಹೆಗ್ಗಳಿಕೆಯೂ ಅದೇ. ಪ್ರಿಯಸ್ಸಿನ ಪೆಟ್ರೋಲ್ ಎಂಜಿನ್ನು ದಕ್ಷತೆಗಾಗಿ ಎಳೆತವನ್ನು ಬಿಟ್ಟುಕೊಟ್ಟಿತ್ತು, ಆ ಕೊರತೆಯನ್ನು ಮೋಟಾರು ತುಂಬಿತು. ಅಲ್ಲಿ ಒಬ್ಬರಿಗೆ ಇಲ್ಲದ್ದು ಇನ್ನೊಬ್ಬರ ಬಳಿ ಇತ್ತು.

ಆ ಪೆಟ್ರೋಲ್ ಎಂಜಿನ್ನು ಸುಮ್ಮನೆ ನಿಂತಿರಲಿಲ್ಲ ಎಂಬುದನ್ನೂ ಮರೆಯಬಾರದು. ಹಿಗ್ಗುವ ಹೊಡೆತವನ್ನು ಒತ್ತುವ ಹೊಡೆತಕ್ಕಿಂತ ಉದ್ದವಾಗಿಸುವ ಆಟ್ಕಿನ್ಸನ್ ಕ್ರಮವನ್ನು ತಿದ್ದಿ ತೀಡುತ್ತ ಟೊಯೋಟ 2015ರ ಪ್ರಿಯಸ್ಸಿನಲ್ಲಿ ಶೇ. 40ರ ದಕ್ಷತೆಯನ್ನು ಮುಟ್ಟಿತು. ಕಾರಿನ ಒಳ್ಳೆಯ ಡೀಸೆಲ್ ಎಂಜಿನ್ನುಗಳು ತಮ್ಮ ಉತ್ತಮ ಗಳಿಗೆಯಲ್ಲಿ ಮುಟ್ಟುವುದೂ ಅದರ ಆಸುಪಾಸಿಗೇ. ಒಂದು ಕಾಲದಲ್ಲಿ ಡೀಸೆಲ್ಲಿಗಿದ್ದ ದೊಡ್ಡ ಮುನ್ನಡೆ ಹೀಗೆ ಕರಗುತ್ತಿದ್ದ ಅದೇ 2015ರ ಸೆಪ್ಟೆಂಬರಿನಲ್ಲಿ, ಫೋಕ್ಸ್‌ವ್ಯಾಗನ್ ಪರೀಕ್ಷೆಯ ಸಮಯದಲ್ಲಷ್ಟೇ ಹೊಗೆಯನ್ನು ಶುದ್ಧವಾಗಿ ತೋರಿಸುವ ತಂತ್ರಾಂಶವನ್ನು ಅಳವಡಿಸಿದ್ದನ್ನು ಅಮೆರಿಕದ ಪರಿಸರ ಸಂಸ್ಥೆ ಬಯಲು ಮಾಡಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಅದಿತ್ತು. 2011ರ ಹೊತ್ತಿಗೆ ಪಶ್ಚಿಮ ಯುರೋಪಿನ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್ಲಿನವಾಗಿದ್ದರೆ, 2023ರಲ್ಲಿ ಯುರೋಪಿಯನ್ ಒಕ್ಕೂಟದಲ್ಲಿ ಆ ಪಾಲು ಶೇ. 14ರ ಆಸುಪಾಸಿಗೆ ಇಳಿದಿತ್ತು. ಡೀಸೆಲ್ ಹೈಬ್ರಿಡ್ಡು ಸೋತದ್ದಕ್ಕೆ ಈ ಹಗರಣವೇ ಕಾರಣವೆಂದು ಹೇಳುವವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ಹಗರಣ ಅದರ ಆಯುಸ್ಸನ್ನು ಮೊಟಕುಗೊಳಿಸಿರಬಹುದು, ಅದರ ಜಾತಕ ಮಾತ್ರ ಅದಕ್ಕೂ ಮೊದಲೇ ದುರ್ಬಲವಾಗಿತ್ತು.

ಹೋಲಿಕೆಯಲ್ಲಿ ನಡೆಯುವ ಒಂದು ಸಣ್ಣ ಮೋಸವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.65 ಕಿಲೋ ಇಂಗಾಲದ ಡೈಆಕ್ಸೈಡು ಹೊರಬರುತ್ತದೆ, ಒಂದು ಲೀಟರ್ ಪೆಟ್ರೋಲಿನಿಂದ ಸುಮಾರು 2.3 ಕಿಲೋ. ಹಾಗಾಗಿ ಲೀಟರಿಗೆ 25 ಕಿಲೋಮೀಟರ್ ಕೊಡುವ ಡೀಸೆಲ್ ಕಾರು, ಹವೆಯ ಮಟ್ಟಿಗೆ, ಲೀಟರಿಗೆ 22ರಷ್ಟು ಕೊಡುವ ಪೆಟ್ರೋಲ್ ಕಾರಿಗೆ ಸಮ. ಮೈಲೇಜಿನ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುವವರು ಈ ಭೇದವನ್ನು ಎಣಿಸದಿದ್ದರೆ ಡೀಸೆಲ್ಲಿಗೆ ಪುಕ್ಕಟೆಯಾಗಿ ಒಂದಷ್ಟು ಅಂಕ ಸಿಕ್ಕಿಬಿಡುತ್ತದೆ.

ಹಾಗಾದರೆ ಈ ಜೋಡಿ ಎಲ್ಲಿಯೂ ಒಗ್ಗುವುದಿಲ್ಲವೇ? ಒಗ್ಗುತ್ತದೆ, ಮತ್ತು ಕಾರಿಗಿಂತ ಹೊರಗೆ ಬಹಳ ಚೆನ್ನಾಗಿಯೇ ಒಗ್ಗುತ್ತದೆ. ಡೀಸೆಲ್ಲಿನಿಂದ ವಿದ್ಯುತ್ ಹುಟ್ಟಿಸಿ ಅದರಿಂದ ನೌಕೆ ನಡೆಸುವ ಪದ್ಧತಿ 1903ರ ರಷ್ಯಾದ ವಂಡಾಲ್ ಎಂಬ ನದಿನೌಕೆಯಷ್ಟು ಹಳೆಯದು. ನೀರಿನ ಮೇಲೆ ಡೀಸೆಲ್ಲಿನಿಂದ ಸಾಗಿ ಬ್ಯಾಟರಿ ತುಂಬಿಸಿಕೊಂಡು, ನೀರೊಳಗೆ ಬ್ಯಾಟರಿಯಿಂದ ಸಾಗುತ್ತಿದ್ದ ಜಲಾಂತರ್ಗಾಮಿಗಳು ಹೈಬ್ರಿಡ್ ಎಂಬ ಪದ ಬಳಕೆಗೆ ಬರುವ ಎಷ್ಟೋ ಮೊದಲೇ ಹೈಬ್ರಿಡ್ಡುಗಳಾಗಿದ್ದವು. ಜಪಾನಿನ ಹಿನೊ 1991ರಲ್ಲೇ ಡೀಸೆಲ್ ಹೈಬ್ರಿಡ್ ಬಸ್ಸನ್ನು ರಸ್ತೆಗಿಳಿಸಿತ್ತು. ಅದೇ ದೇಶದ ಕೊಉಮಿ ರೈಲುಮಾರ್ಗದಲ್ಲಿ 2007ರಿಂದ ಡೀಸೆಲ್ ಹೈಬ್ರಿಡ್ ರೈಲುಬಂಡಿ ಓಡತೊಡಗಿತು. ಮೇಲೆ ಹಾಕಿದ ಲೆಕ್ಕವನ್ನು ಹದಿನೈದು ಟನ್ನಿನ ಬಸ್ಸಿಗೆ ಅನ್ವಯಿಸಿ ನೋಡಿ: ಪ್ರತಿ ನಿಲ್ದಾಣದಲ್ಲಿ ವ್ಯರ್ಥವಾಗುವ ಶಕ್ತಿ ಕಾರಿನದಕ್ಕಿಂತ ಹತ್ತು ಪಟ್ಟು, ನಿಲ್ದಾಣಗಳು ಕಿಲೋಮೀಟರಿಗೆ ಎರಡೋ ಮೂರೋ, ದಿನಕ್ಕೆ ಹದಿನಾರು ಗಂಟೆಯ ದುಡಿಮೆ. ಅಲ್ಲಿ ಬ್ಯಾಟರಿಯ ಬೆಲೆ ಕೆಲವು ವರ್ಷಗಳಲ್ಲಿ ತೀರುತ್ತದೆ. ಎಂಜಿನ್ನಿನ ಗಡಸು ದನಿಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಯೂರಿಯಾ ತುಂಬಿಸುವ, ಸೋಸುಕ ಶುಚಿಗೊಳಿಸುವ ಕೆಲಸವನ್ನು ಡಿಪೋದ ಮೆಕ್ಯಾನಿಕ್ ನೋಡಿಕೊಳ್ಳುತ್ತಾನೆ.

ಕಾರುಗಳಲ್ಲಿ ಉಳಿದುಕೊಂಡ ಒಂದೇ ಗಟ್ಟಿ ತಳಿಯೆಂದರೆ ದೊಡ್ಡ ಬ್ಯಾಟರಿಯ, ಹೊರಗಿನಿಂದ ಚಾರ್ಜು ಮಾಡುವ ಡೀಸೆಲ್ ಹೈಬ್ರಿಡ್. ಮರ್ಸಿಡಿಸ್ ಇದನ್ನು ಬಿಡದೆ ಹಿಡಿದಿದೆ. ಅದರ ಹಳೆಯ ಇ300 ಬ್ಲೂಟೆಕ್ ಹೈಬ್ರಿಡ್ಡಿನಲ್ಲಿದ್ದದ್ದು 0.8 ಕಿಲೋವ್ಯಾಟ್-ಗಂಟೆಯ ಪುಟ್ಟ ಬ್ಯಾಟರಿ. ಆ ಕಾರು 2014ರಲ್ಲಿ ಮೊರಾಕೊದ ಟ್ಯಾಂಜಿಯರ್‌ನಿಂದ ಇಂಗ್ಲೆಂಡಿನ ಗುಡ್‌ವುಡ್‌ವರೆಗೆ 1,900 ಕಿಲೋಮೀಟರಿಗೂ ಹೆಚ್ಚು ದೂರವನ್ನು ಒಂದೇ ಟ್ಯಾಂಕಿನಲ್ಲಿ ಕ್ರಮಿಸಿ ಹೆಸರು ಮಾಡಿತ್ತು. ಆ ಸಾಧನೆಯಲ್ಲಿ ಡೀಸೆಲ್ಲಿನ ಪಾಲೇ ಹೆಚ್ಚು, ಮೋಟಾರಿನದು ಅಲ್ಪ ಎಂದು ನಾನು ಎಣಿಸುತ್ತೇನೆ. 2018ರಲ್ಲಿ ಬಂದ ಇ 300 ಡಿಇ ಬೇರೆಯೇ ಜಾತಿಯದು: 13.5 ಕಿಲೋವ್ಯಾಟ್-ಗಂಟೆಯ ಬ್ಯಾಟರಿ, 90 ಕಿಲೋವ್ಯಾಟಿನ ಮೋಟಾರು. ಅದೇ ಮನೆತನದ ದೊಡ್ಡ ಜಿಎಲ್‌ಇ 350 ಡಿಇಯಲ್ಲಿ ಬ್ಯಾಟರಿ 31.2ಕ್ಕೆ ಏರಿತು. ಇಲ್ಲಿ ಕೆಲಸದ ಹಂಚಿಕೆ ಸ್ಪಷ್ಟವಾಗಿದೆ. ಊರೊಳಗೆ ಎಂಜಿನ್ನು ಆರಿ ಹೊತ್ತಿಕೊಳ್ಳುತ್ತ ಒದ್ದಾಡಬೇಕಾಗಿಲ್ಲ, ಅದು ಪೂರ್ತಿ ಮಲಗಿರುತ್ತದೆ; ಊರು ದಾಟಿ ನೂರಾರು ಕಿಲೋಮೀಟರ್ ಹೋಗುವಾಗ ಅದು ಎದ್ದು, ಬಿಸಿಯಾಗಿ, ಬಿಸಿಯಾಗಿಯೇ ಉಳಿದು, ತಾನು ಹುಟ್ಟಿದ್ದೇ ಯಾವ ಕೆಲಸಕ್ಕೋ ಅದನ್ನು ಮಾಡುತ್ತದೆ. ಮೇಲೆ ಹೇಳಿದ ಜಗಳಗಳಲ್ಲಿ ಮುಕ್ಕಾಲು ಪಾಲು ಇಲ್ಲಿ ತಾವಾಗಿ ತಣ್ಣಗಾಗುತ್ತವೆ. ಉಳಿಯುವುದು ತೂಕ, ಬೆಲೆ, ಬ್ಯಾಟರಿ ನುಂಗಿದ ಡಿಕ್ಕಿಯ ಜಾಗ, ಮತ್ತು ಇವೆಲ್ಲಕ್ಕಿಂತ ದೊಡ್ಡದಾಗಿ ಮಾಲೀಕನ ಸೋಮಾರಿತನ: ದಿನವೂ ಚಾರ್ಜು ಮಾಡದೆ ಬಿಟ್ಟರೆ ಅದು ಭಾರವಾದ ಬ್ಯಾಟರಿಯನ್ನು ಹೊತ್ತು ತಿರುಗುವ ಸಾದಾ ಡೀಸೆಲ್ ಕಾರಷ್ಟೇ.

ಬಳಸಿದ ಡೀಸೆಲ್ ಹೈಬ್ರಿಡ್ ಕೊಳ್ಳಬೇಕೆಂದಿರುವವರು ಕೇಳಿದರೆ ನಾನು ಕಾರಿಗಿಂತ ಮೊದಲು ಹಿಂದಿನ ಮಾಲೀಕರ ದಿನಚರಿಯನ್ನು ವಿಚಾರಿಸಿ ಎನ್ನುತ್ತೇನೆ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿತ್ತೇ, ಎಂಜಿನ್ ಆಯಿಲ್ಲನ್ನು ಹೇಳಿದ ಅವಧಿಗೆ ಬದಲಿಸಿದ ದಾಖಲೆಯಿದೆಯೇ, ಆಯಿಲ್ ಕಡ್ಡಿಯಲ್ಲಿ ಮಟ್ಟ ಇಳಿಯುವ ಬದಲು ಏರಿದೆಯೇ, ಸೋಸುಕ ತನ್ನನ್ನು ತಾನು ಸುಟ್ಟುಕೊಳ್ಳುವ ಕೆಲಸವನ್ನು ಕೊನೆಯ ಸಲ ಪೂರ್ತಿ ಮಾಡಿ ಮುಗಿಸಿದ್ದು ಯಾವಾಗ ಎಂಬುದನ್ನು ಸ್ಕ್ಯಾನರ್ ಹಾಕಿ ನೋಡಲು ಬಿಡುತ್ತಾರೆಯೇ, ಚಾರ್ಜು ಮಾಡುವ ಮಾದರಿಯಾಗಿದ್ದರೆ ಅದರ ಕೇಬಲ್ ಬಳಸಿ ಮಾಸಿದೆಯೇ ಅಥವಾ ಪ್ಲಾಸ್ಟಿಕ್ ಚೀಲದಿಂದ ಹೊರಬಂದೇ ಇಲ್ಲವೇ. ಚಾರ್ಜು ಮಾಡಲು ಬಾರದ ಹಳೆಯ ಮಾದರಿಯಾಗಿದ್ದು, ದಿನವೂ ನಾಲ್ಕೈದು ಕಿಲೋಮೀಟರ್ ಮಾತ್ರ ಓಡಿ ನಿಂತ ಕಾರಾಗಿದ್ದರೆ, ಮೀಟರಿನ ಅಂಕಿ ಎಷ್ಟೇ ಚಿಕ್ಕದಾಗಿದ್ದರೂ ನಾನು ಅದನ್ನು ಮುಟ್ಟುವುದಿಲ್ಲ.